ಜವಾಬಿಗೆ ಕಾದ ಜೀಪು

ಒಂದು ಹಸಿರು ಬಾಗಿಲು. ಬಣ್ಣ ಬಳಿದು ಎಷ್ಟು ವರ್ಷಗಳಾದವೋ. ಮೇಲಿನರ್ಧ ಇನ್ನೂ ಹಸಿರನ್ನು ನೆನಪಿಟ್ಟುಕೊಂಡಿದೆ, ಕೆಳಗಿನರ್ಧ ಟಗರುಗಳ ಕೊಂಬು ತಾಗಿ ತಾಗಿ ಬಿಳಿಚಿದೆ. ಬಾಗಿಲ ನಡುಮಧ್ಯದಲ್ಲಿ ಹೊಸದಾಗಿ ಅಂಟಿಸಿದ ಬಿಳಿಯ ಹಾಳೆ. ಅಂಟು ಇನ್ನೂ ಹಸಿಯಿದ್ದು, ಹಾಳೆಯ ಒಂದು ಮೂಲೆ ಗಾಳಿಗೆ ಏಳುತ್ತದೆ, ಮಲಗುತ್ತದೆ. ಕೆಳತುದಿಯಲ್ಲಿ ದುಂಡನೆಯ ನೇರಳೆ ಮುದ್ರೆ. ಕಟ್ಟೆಯ ಮೇಲೆ ಬೇವಿನ ಮರದ ನೆರಳು ಚೂರುಚೂರಾಗಿ ಬಿದ್ದಿದೆ. ಆ ಚೂರುಗಳ ನಡುವೆ ಒಂದು ಗಬ್ಬದ ಕುರಿ, ತನ್ನ ಸರದಿಗಾಗಿ ಕಾಯುವ ಹೆಂಗಸಿನಂತೆ, ಕದಲದೆ ನಿಂತಿದೆ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದೇ ಇದೆ. ಅದನ್ನು ಮುಚ್ಚಬೇಕಾದರೆ ಹಿಡಿಕೆಯನ್ನು ತುಸು ಮೇಲಕ್ಕೆತ್ತಿ ಎಳೆಯಬೇಕು. ಕಂಬಳಿಹಾಳದ ಕೂಸುಗಳಿಗೂ ಗೊತ್ತಿರುವ ಈ ಗುಟ್ಟು, ಹಾಳೆ ಅಂಟಿಸಿ ಹೋದವನಿಗೆ ಗೊತ್ತಿರಲಿಲ್ಲ.

ಆ ಬಾಗಿಲ ಮುಂದೆ ಗುರಪ್ಪ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ. ಎಪ್ಪತ್ತು ದಾಟಿದ ವಯಸ್ಸು, ಹೆಗಲ ಮೇಲೆ ಕಂಬಳಿ, ಮನೆಯಲ್ಲಿ ನಲವತ್ತು ಕುರಿ, ಗೂಟಕ್ಕೆ ತೂಗುಹಾಕಿದ ಒಂದು ಡೊಳ್ಳು. ಇಷ್ಟು ಅವನ ಆಸ್ತಿ. ಓದಲು ಬಾರದ ಅವನಿಗೆ ಹಾಳೆಯನ್ನು ಓದಿ ಹೇಳಿದವಳು ಲಲಿತಾ. ನಾಲ್ಕು ವರ್ಷಗಳಿಂದ ಡಾಕ್ಟರ ಹುದ್ದೆ ಖಾಲಿಯಿದ್ದ ಆ ದನದ ದವಾಖಾನೆಯನ್ನು ಒಬ್ಬಳೇ ನಡೆಸುತ್ತಿದ್ದ ಸಹಾಯಕಿ ಅವಳು, ಊರಿಗೆಲ್ಲ ಲಲಿತಕ್ಕ.

"ಬರುವ ಒಂದನೇ ತಾರೀಖಿನಿಂದ ಈ ದವಾಖಾನಿ ಬಂದ್ ಅಂತ ಯಜ್ಜಾ. ಬಾದಾಮಿಯ ದೊಡ್ಡ ದವಾಖಾನ್ಯಾಗ ವಿಲೀನ. 'ಫಲಾನುಭವಿಗಳು ತಮ್ಮ ಪ್ರಾಣಿಗಳೊಂದಿಗೆ ತಾಲೂಕು ಕೇಂದ್ರಕ್ಕೆ ಹಾಜರಾಗತಕ್ಕದ್ದು' ಅಂತ ಬರದಾರ."

"ಹಾಜರಾಗತಕ್ಕದ್ದು," ಗುರಪ್ಪ ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದ. "ಕುರಿನೂ ಹಾಜರಿ ಹಾಕಬೇಕೇನಬೇ?"

"ತಕರಾರು ಇದ್ದವರು ಗುರುವಾರ ಹನ್ನೊಂದಕ್ಕ ಇಲ್ಲೇ ಹೇಳಬಹುದಂತ. ಜಿಲ್ಲೆಯಿಂದ ಸಾಹೇಬ್ರು ಬರ್ತಾರ."

ಬಾದಾಮಿ ಕಂಬಳಿಹಾಳದಿಂದ ಹದಿನಾಲ್ಕು ಕಿಲೋಮೀಟರ್. ಮನುಷ್ಯರಿಗೆ ಅದು ಚೊಳಚಗುಡ್ಡದ ಮೇಲಿಂದ ಹೋಗುವ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ. ಕುರಿಗೆ ಮಾತ್ರ ಅದು ಬೇರೆಯೇ ದೇಶ. ಗುರಪ್ಪನ ಮೊಣಕಾಲುಗಳಿಗೂ ಅದು ಬೇರೆ ದೇಶವಾಗಿ ಹೋಗಿ ಎರಡು ವರ್ಷಗಳಾಗಿದ್ದವು.

ಸುದ್ದಿ ಮನೆಗೆ ಮುಟ್ಟಿದಾಗ ಹೆಂಡತಿ ಸಾವಂತ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟಳು. "ದವಾಖಾನಿ ಹೋದ್ರ ಕುರಿ ಮಾರೂದ. ನಿಮ್ಮ ಮೊಣಕಾಲು ತಗೊಂಡು ಬಾದಾಮಿಗೆ ಯಾರು ಹೋಗ್ತಾರ? ಕುರಿ ಮಾರಿದ ಮ್ಯಾಲ ನೀವು ದಿನಾ ಮನ್ಯಾಗ ಕುಂತು ನನ್ನ ಜೀವಾ ತಿಂತೀರಿ. ಏನರೆ ಮಾಡ್ರಿ, ಆ ದವಾಖಾನಿ ಉಳಿಸ್ರಿ. ನನ್ನ ಸಲುವಾಗಿ ಆದ್ರೂ."

ಗುರಪ್ಪ ನಕ್ಕ. ಆದರೆ ಎದೆಯೊಳಗೆ ಎಲ್ಲೋ ಒಂದು ಕೊಟ್ಟಿಗೆ ಬರಿದಾಗಿ, ಗಾಳಿ ಅದರೊಳಗೆ ನುಗ್ಗಿ ಹೊರಬಂದಂತಾಯಿತು. ಕುರಿಗಳಿಲ್ಲದ ಬೆಳಗನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಯಂಕಪ್ಪನ ಚಹಾದಂಗಡಿಯ ಮುಂದೆ ಊರು ಕೂಡಿತು. ಯಂಕಪ್ಪ ಚಹಾ ಸೋಸುವ ಕೈಯಲ್ಲೇ ಊರಿನ ಎಲ್ಲ ವ್ಯವಹಾರವನ್ನೂ ಸೋಸುವವ. ಅರ್ಜಿ ಬರೆಯೋಣ ಎಂದರು ಕೆಲವರು. ಯಂಕಪ್ಪ ತಲೆಯಾಡಿಸಿದ.

"ಅರ್ಜಿ ಬರದ್ರ ಸಾಹೇಬ್ರು ಮಡಚಿ ಕಿಸೇದಾಗ ಇಟಗೋತಾರ. ಹಾಡಿದ್ರ ಎಲ್ಲಿ ಇಡ್ತಾರ? ಗುರಪ್ಪಗ ಹಾಡಾಕ ಹಚ್ಚೂಣು."

ಊರು ಹೌದೆಂದಿತು. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವುದರಲ್ಲಿ ಹುನಗುಂದದವರೆಗೆ ಗುರಪ್ಪನ ಹೆಸರಿತ್ತು. ಆ ಹಾಡಿಗೆ ತನ್ನದೇ ಒಂದು ಕಟ್ಟಳೆಯಿದೆ. ಎರಡು ಮೇಳಗಳು ಎದುರುಬದುರು. ಒಂದು ಮೇಳ ಸವಾಲು ಹಾಕುತ್ತದೆ. ಸವಾಲು ಮುಗಿದೊಡನೆ ಬೀರಪ್ಪನ ಭಂಡಾರವನ್ನು, ಎಂದರೆ ಅರಿಷಿಣದ ಪುಡಿಯನ್ನು, ನೆರೆದವರ ಹಣೆಗೆಲ್ಲ ಹಚ್ಚುತ್ತಾರೆ. ಆಮೇಲೆ ಚಹಾ. ಚಹಾದ ನಂತರ ಎದುರು ಮೇಳದ ಜವಾಬು. ಭಂಡಾರ ಹಚ್ಚಿಸಿಕೊಂಡವರು, ಆ ಚಹಾಕ್ಕಲ್ಲದೆ, ಜವಾಬು ಕೇಳದೆ ಜಾಗ ಬಿಟ್ಟು ಏಳುವಂತಿಲ್ಲ.

ಎದುರು ಮೇಳದ ಅಂದಪ್ಪ ಈಗ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಹುನಗುಂದದಲ್ಲಿ ಮಲಗಿದ್ದ. ಸರಕಾರದ ಪರ ಹಾಡಲು ಸಾಹೇಬರಿಗೆ ಬರುವ ಸಂಭವ ಕಡಿಮೆ. ಹೀಗಾಗಿ ಸವಾಲು, ಜವಾಬು ಎರಡನ್ನೂ ತಾನೇ ಹಾಡುವುದೆಂದು ಗುರಪ್ಪ ನಿಶ್ಚಯಿಸಿದ. ಮೊದಲು ಸರಕಾರದ ಮಾತು, ಚಹಾದ ನಂತರ ಊರಿನ ಮಾತು. 'ಎದುರಿನವನ ಮಾತನ್ನ ಅವನಿಗಿಂತ ಚಂದ ಹಾಡು, ಆಮ್ಯಾಲ ಮುರಿ' ಎಂದು ಗುರು ಹೇಳಿಕೊಟ್ಟಿದ್ದ. ಅರೆಮನಸ್ಸಿನಿಂದ ಕಟ್ಟಿದ ಗೋಡೆಯನ್ನು ಕೆಡವಿದರೆ ಅದೇನು ಗಂಡಸುತನ?

ಅವನು ಲಲಿತಾಳ ಮುಂದೆ ಕುಳಿತು, ಹಾಳೆಯ ಜೊತೆ ಬಂದಿದ್ದ ಸುತ್ತೋಲೆಯನ್ನು ಪೂರ್ತಿ ಓದಿಸಿಕೊಂಡ. ಬಾದಾಮಿಯ ದೊಡ್ಡ ದವಾಖಾನೆಯಲ್ಲಿ ಎಕ್ಸ್-ರೇ ಇದೆ. ಗಬ್ಬದ ಕುರಿಯ ಹೊಟ್ಟೆಯೊಳಗಿನ ಮರಿಯನ್ನು ಪರದೆಯ ಮೇಲೆ ತೋರಿಸುವ ಯಂತ್ರವಿದೆ. ಬೇಸಗೆಯಲ್ಲೂ ಲಸಿಕೆ ಕೆಡದಂತೆ ಕಾಯುವ ತಣ್ಣನೆಯ ಕೋಣೆಯಿದೆ. ಮೂವರು ಡಾಕ್ಟರರಿದ್ದಾರೆ.

"ಹೊಟ್ಟ್ಯಾಗಿನ ಮರಿ ಕಾಣ್ತೈತಿ?"

"ಹೌದ್ ಯಜ್ಜಾ. ಎದಿ ಬಡಿಯೂದೂ ಕಾಣ್ತೈತಿ."

ಗುರಪ್ಪ ಅರವತ್ತು ವರ್ಷಗಳಿಂದ ಕೈಯಾಡಿಸಿ ಊಹಿಸಿದ್ದ ಕತ್ತಲೆಯೊಳಗೆ ಯಾರೋ ದೀಪ ಹಿಡಿದಿದ್ದರು. ಗುರುವಾರದವರೆಗಿನ ನಾಲ್ಕು ದಿನ ಗುಡ್ಡದ ಮೇಲೆ ಕುರಿ ಬಿಟ್ಟುಕೊಂಡು ಅವನು ಸವಾಲು ಕಟ್ಟಿದ. ಕೆಂಪು ಕಲ್ಲಿನ ಮೇಲೆ ಬೆಳಕು ಜಾರುವುದನ್ನು ನೋಡುತ್ತ, ಒಂದೊಂದು ಸಾಲನ್ನೂ ಹಾಡಿ, ಅಳಿಸಿ, ಮತ್ತೆ ಹಾಡಿದ. ಜವಾಬಿನ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ನಮ್ಮ ಕಷ್ಟ ನಮಗೆ ಗೊತ್ತಿಲ್ಲವೇ? ಅದು ತಾನಾಗಿ ಬಂದೀತು ಎಂದುಕೊಂಡ.

ಗುರುವಾರ ಬಂತು. ಹನ್ನೊಂದರ ಬದಲು ಹನ್ನೆರಡೂವರೆಗೆ ಜೀಪೂ ಬಂತು. ಅದರಿಂದಿಳಿದ ಪ್ರವೀಣಕುಮಾರ ಸಾಹೇಬರು ಮೈಸೂರು ಕಡೆಯವರು. ಬಾಗಲಕೋಟೆಯ ಬಿಸಿಲಿಗೆ ಬಂದು ಆರು ತಿಂಗಳಾಗಿದ್ದರೂ ಇನ್ನೂ ಪ್ರತಿದಿನ ಆಶ್ಚರ್ಯಪಡುತ್ತಿದ್ದರು. ಕೆಟ್ಟವರಲ್ಲ. ಒಂದೇ ವಾರದಲ್ಲಿ ಒಂಬತ್ತು ಊರುಗಳ ತಕರಾರು ಕೇಳಿ ದಣಿದಿದ್ದರು, ಅಷ್ಟೇ. ಜೀಪು ನಡೆಸುವವನು ಬೀರೇಶ, ಹುನಗುಂದದ ಕಡೆಯ ನಡುವಯಸ್ಸಿನ ಮನುಷ್ಯ. ಡೊಳ್ಳು ಕಂಡೊಡನೆ ಅವನು ಚಪ್ಪಲಿ ಬಿಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತ.

ಗುರಪ್ಪ ಡೊಳ್ಳಿಗೆ ಕೈ ಮುಗಿದ. ಮೊದಲ ಪೆಟ್ಟಿಗೆ ಬೇವಿನ ಮರದ ಗಿಳಿಗಳೆದ್ದವು. ಎರಡನೆಯ ಪೆಟ್ಟಿಗೆ ಸಾಹೇಬರ ಕೈ ಮೊಬೈಲು ಬಿಟ್ಟಿತು.

"ಊರಿಗೊಂದು ಸಣ್ಣ ದೀಪ ಯಾಕ ಬೇಕೋ ತಮ್ಮಾ,
ತಾಲೂಕಿಗೊಬ್ಬ ಸೂರ್ಯ ಮೂಡುವಾಗ?
ಕುರಿಯ ಗರ್ಭದ ಒಳಗ ಇಣುಕುವ ಗಾಜಿನ ಕಣ್ಣು
ಬಾದಾಮಿಯಾಗ ಕಾದು ಕುಂತಿರುವಾಗ?"

ಆಮೇಲಿನದು ಹೊಳೆ. ತಣ್ಣನೆಯ ಕೋಣೆಯನ್ನು ಅವನು ಬೇಸಗೆಯ ಎದೆಯೊಳಗೆ ಬಚ್ಚಿಟ್ಟ ಚಳಿಗಾಲವೆಂದು ಹಾಡಿದ. ಪರದೆಯ ಮೇಲೆ ಮಿಡಿಯುವ ಮರಿಯ ಎದೆಯನ್ನು ಹಾಡುವಾಗ ಡೊಳ್ಳನ್ನು ಬೆರಳ ತುದಿಯಿಂದಷ್ಟೇ ಮುಟ್ಟಿದ. ಹೆಂಗಸರ ಸಾಲಿನಲ್ಲಿ ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ಊರಿನವರು ಎತ್ತಬಹುದಾದ ಒಂದೊಂದು ತಕರಾರನ್ನೂ ಅವನೇ ಎತ್ತಿ, ಅವನೇ ಸರಕಾರದ ಪರವಾಗಿ ಸಮಾಧಾನ ಹೇಳಿ ಮುಗಿಸಿದ. ಹಾಡು ನಿಂತಾಗ ಬಾದಾಮಿಯ ದವಾಖಾನೆಯನ್ನು ಬೇಡವೆನ್ನುವ ಒಂದೇ ಒಂದು ಜೀವ ಆ ಬಯಲಿನಲ್ಲಿ ಉಳಿದಿರಲಿಲ್ಲ, ಕುರಿಗಳನ್ನೂ ಸೇರಿಸಿ.

"ಶಾಬಾಸ್ ಲೇ ಗುರಪ್ಪಾ!" ಎಂದು ಯಂಕಪ್ಪ ಕೂಗಿದ. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಭಂಡಾರದ ಬಟ್ಟಲು ಬಂದಾಗ ತಾವಾಗಿ ಹಣೆಯೊಡ್ಡಿದರು. ಅವರ ಕನ್ನಡಕದ ಮೇಲೂ ಒಂದಿಷ್ಟು ಅರಿಷಿಣ ಕುಳಿತಿತು.

ಗುರಪ್ಪ ಡೊಳ್ಳನ್ನು ನೆಲಕ್ಕಿಟ್ಟ. ಊರು ಎದ್ದಿತು. ಕಟ್ಟಳೆಯಂತೆ ಎಲ್ಲರೂ ಚಹಾ ಕುಡಿಯಲು ಹೋದರು.

ಹಿಂದಿರುಗಿ ಬಂದಾಗ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಲಾಗಿತ್ತು. ಮೈಕಿನ ವಾಯರು ಸುರುಳಿಯಾಗಿ ಮಲಗಿತ್ತು. ದವಾಖಾನೆಯೊಳಗೆ ಮೇಜಿನ ಮುಂದೆ ಕೂತಿದ್ದ ಸಾಹೇಬರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಬನ್ನಿ ಅಜ್ಜ, ಬನ್ನಿ," ಎಂದರು ಪ್ರೀತಿಯಿಂದ. "ಒಂಬತ್ತು ಊರಿನಲ್ಲಿ ಬೈಸಿಕೊಂಡೆ. ನಿಮ್ಮೂರಿನಲ್ಲಿ ಮಾತ್ರ ನಮ್ಮ ಯೋಜನೆಯನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀರಿ. ನಡಾವಳಿಯಲ್ಲಿ ಬರೆದಿದ್ದೇನೆ, ಕೇಳಿ: 'ಗ್ರಾಮಸ್ಥರು ಹಾಡಿನ ಮೂಲಕ ತಮ್ಮ ಹೃತ್ಪೂರ್ವಕ ಸಮ್ಮತಿ ಸೂಚಿಸಿದರು.'"

ಗುರಪ್ಪನ ಬಾಯಲ್ಲಿ ಉಳಿದಿದ್ದ ಚಹಾದ ಸಿಹಿ ಒಮ್ಮೆಲೆ ಕಹಿಯಾಯಿತು.

"ಸಮ್ಮತಿ ಎಲ್ಲಿದ್ರೀ ಸಾಹೇಬ್ರ? ಅದು ಸವಾಲರೀ. ಜವಾಬು ಇನ್ನೂ ಆಗಿಲ್ರಿ."

"ಯಾವ ಜವಾಬು? ನೀವೇ ಹಾಡಿದ್ರಲ್ಲ, ಸಣ್ಣ ದೀಪ ಯಾಕೆ ಅಂತ?"

"ಅದು ನಾ ಅಲ್ರಿ ಹಾಡಿದ್ದು. ನೀವು ಹಾಡಿದ್ದರಿ, ನನ್ನ ಬಾಯಿಲೆ."

ಈ ಮಾತನ್ನು ಅರ್ಥಮಾಡಿಕೊಳ್ಳಲು ಸಾಹೇಬರು ಪ್ರಾಮಾಣಿಕವಾಗಿ ಯತ್ನಿಸಿದರು, ಆಗಲಿಲ್ಲ. ಬಾಗಿಲಲ್ಲಿ ಗುಂಪುಗೂಡಿದ್ದ ಊರಿಗೆ ಮಾತ್ರ ತಟ್ಟನೆ ಎಲ್ಲ ಅರ್ಥವಾಯಿತು.

"ಆತಪಾ," ಎಂದ ಯಂಕಪ್ಪ. "ದವಾಖಾನಿ ಉಳಸು ಅಂತ ಕಳಿಸಿದ್ರ, ಇಂವ ಡೊಳ್ಳು ಬಾರಿಸಿ ಅದನ್ನ ಕಳಿಸಿಕೊಟ್ಟ. ಲೇ ಗುರಪ್ಪಾ, ನಿನಗ ಸರಕಾರದವರು ಸನ್ಮಾನ ಮಾಡ್ತಾರ ನೋಡು. ಶಾಲ್ ಹೊದ್ದುಕೊಂಡು ಕುರಿ ಮಾರಾಕ ಹೋಗು."

ಗುರಪ್ಪ ತಲೆ ತಗ್ಗಿಸಿದ. ಹೊರಗೆ ಅವನ ಗಬ್ಬದ ಕುರಿ ಒಮ್ಮೆ ಕೂಗಿತು, ಸಾಕ್ಷಿ ಹೇಳುವಂತೆ.

ಸಾಹೇಬರು ಕಡತವನ್ನು ಕಂಕುಳಲ್ಲಿಟ್ಟುಕೊಂಡು ಜೀಪು ಹತ್ತಿದರು. "ನಡಿ ಬೀರೇಶ, ಬಾಗಲಕೋಟೆಗೆ."

ಬೀರೇಶ ಸ್ಟೇರಿಂಗಿನ ಮೇಲೆ ಕೈಯಿಡಲಿಲ್ಲ. ಹಣೆ ಮುಟ್ಟಿಕೊಂಡು ಬೆರಳನ್ನು ತೋರಿಸಿದ. ಬೆರಳು ಹಳದಿಯಾಗಿತ್ತು.

"ಭಂಡಾರ ಹಚಕೊಂಡೀನ್ರಿ ಸರ್. ಜವಾಬು ಕೇಳದ ಬರಾಕ ಆಗಂಗಿಲ್ರಿ."

"ಏನಯ್ಯಾ ಇದು? ಡ್ಯೂಟಿಯಲ್ಲಿದ್ದೀಯ ನೀನು!"

"ಹೌದ್ರಿ ಸರ್. ಬೇಕಾದ್ರ ನೋಟೀಸ್ ಕೊಡ್ರಿ, ಸಹಿ ಮಾಡ್ತೇನಿ. ಆದ್ರ ಬೀರಪ್ಪಗ ನಾ ಏನ್ ಉತ್ತರ ಬರೀಲಿ? ನೀವೂ ಹಚಕೊಂಡೀರಿ. ನಿಮಗೂ ಬರೂದಿಲ್ರಿ ಏಳಾಕ."

ಸಾಹೇಬರಿಗೆ ಜೀಪು ನಡೆಸಲು ಬರುತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಕರವಸ್ತ್ರವೂ ಹಳದಿಯಾಯಿತು. ಬಯಲಿನ ಜನ ಯಾರೂ ಅಡ್ಡಗಟ್ಟಲಿಲ್ಲ, ಘೋಷಣೆ ಕೂಗಲಿಲ್ಲ. ಒಬ್ಬ ಹೋಗಿ ಮಡಚಿದ ಕುರ್ಚಿಯೊಂದನ್ನು ಬಿಡಿಸಿ, ಹೆಗಲ ವಸ್ತ್ರದಿಂದ ಧೂಳು ಹೊಡೆದು, ಬೇವಿನ ನೆರಳಿನಲ್ಲಿಟ್ಟ. ಇನ್ನೊಬ್ಬ ಚಹಾ ತಂದ.

"ಎಷ್ಟು ಹೊತ್ತಾಗುತ್ತೆ ಈ ಜವಾಬು?" ಎಂದು ಕೇಳಿದರು ಸಾಹೇಬರು.

"ಹುನಗುಂದದಾಗ ಒಮ್ಮೆ ಮರುದಿನ ಮಧ್ಯಾಹ್ನತನಕ ಆಗಿತ್ರಿ," ಎಂದ ಬೀರೇಶ ಉತ್ಸಾಹದಿಂದ.

ಸಾಹೇಬರು ಕೂತರು.

ಗುರಪ್ಪ ಡೊಳ್ಳು ಎತ್ತಿಕೊಂಡ. ಒಂದು ಪೆಟ್ಟು ಹಾಕಿದ. ಬಾಯಿ ತೆರೆದ. 'ಹಾದಿ ದೂರ' ಎನ್ನಬೇಕೆಂದುಕೊಂಡ. ಹಾದಿ ಹೂವಿನದೆಂದು ಆಗಲೇ ಹಾಡಿಬಿಟ್ಟಿದ್ದ. 'ನಮ್ಮೂರ ದೀಪ ನಮಗ ಸಾಕು' ಎನ್ನಬೇಕೆಂದುಕೊಂಡ. ಸೂರ್ಯನನ್ನು ಎದುರಿಗೆ ತಂದು ನಿಲ್ಲಿಸಿದವನು ತಾನೇ. ಎಲ್ಲ ದಿಕ್ಕಿನ ದಾರಿಗಳಿಗೂ ತನ್ನ ಕೈಯಾರೆ ಎಷ್ಟು ಅಚ್ಚುಕಟ್ಟಾಗಿ ಬೇಲಿ ಹಾಕಿದ್ದನೆಂದರೆ ಈಗ ನುಸುಳಲು ಒಂದು ಸಂದಿಲ್ಲ. ಮತ್ತೊಂದು ಪೆಟ್ಟು ಹಾಕಿದ. ಡೊಳ್ಳು ಮಾತ್ರ ನುಡಿಯಿತು. ಎಪ್ಪತ್ತು ವರ್ಷದ ಕೊರಳಲ್ಲಿ ಒಂದು ಪದವೂ ಇರಲಿಲ್ಲ. ನಲವತ್ತು ಕುರಿಗಳು ಒಂದೊಂದಾಗಿ ಕಣ್ಣ ಮುಂದೆ ಹಾದು ಯಾರದೋ ಕೊಟ್ಟಿಗೆಗೆ ನಡೆದವು.

ಆಗ ಹೆಂಗಸರ ಸಾಲಿನಿಂದ ಸಾವಂತ್ರವ್ವ ಎದ್ದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು.

"ಬಾರಸ್ರಿ," ಎಂದಳು ಗಂಡನಿಗೆ. "ನೀವು ಸುಮ್ನ ಬಾರಸ್ರಿ. ನಲವತ್ತೈದು ವರ್ಷ ಗ್ವಾಡಿ ಆಚೆ ಕುಂತು ಕೇಳೇನಿ. ಗ್ವಾಡಿಗೂ ಬರ್ತೈತಿ ಈಗ."

ಗುರಪ್ಪ ಬಾರಿಸಿದ. ಅವಳ ದನಿ ಅವನದರಂತೆ ಬೀಸಲಿಲ್ಲ; ರೊಟ್ಟಿ ಬಡಿಯುವ ಕೈಯಂತೆ ಒಂದೇ ಹದದಲ್ಲಿ, ದುಂಡಗೆ ಬಂತು.

"ಸೂರ್ಯ ದೊಡ್ಡವ ಖರೆ, ಒಪ್ಪಿದೆ ಸಾಹೇಬಾ,
ಒಲಿಯೊಳಗ ಅವನ್ನ ಹಚ್ಚಬಹುದೇನೊ?
ಹದಿನಾಕು ಕಿಲೋಮೀಟರ ನಡೆದ ಬಸುರಿ ಕುರಿಯಾಗ
ಗಾಜಿನ ಕಣ್ಣಿಗೆ ಮರಿ ಕಂಡೀತೇನೊ?"

ಬಯಲು ಒಮ್ಮೆಲೆ 'ಹೌದೌದು' ಎಂದಿತು. ಅವಳು ಸಾಹೇಬರತ್ತ ಎರಡು ಹೆಜ್ಜೆ ನಡೆದಳು.

"ಬಸ್ಸಿನ ಕಂಡಕ್ಟರ ಕೇಳ್ತಾನ, ನಾಕು ಕಾಲಿಗೆ
ಎರಡು ಪೂರಾನೊ, ಒಂದು ಅರ್ಧಾನೊ?
ಬ್ಯಾನಿ ಬಂದ ಕುರಿ ಕೇಳ್ತೈತಿ, ಸಾಹೇಬಾ,
ಮುಂದಿನ ಬಸ್ಸು ಎಷ್ಟಕ್ಕ ಐತೇನೊ?"

ಬೀರೇಶ ತೊಡೆ ತಟ್ಟಿಕೊಂಡು ನಕ್ಕ. ಲಲಿತಾ ಬಾಯಿಗೆ ಕೈಯಡ್ಡ ಹಿಡಿದಳು. ಸಾಹೇಬರ ತುಟಿಯ ಅಂಚಿನಲ್ಲೂ ಏನೋ ಕದಲಿತು. ಅಧಿಕಾರ ಅದನ್ನು ಹಿಡಿದಿಡಲು ನೋಡಿ ಸೋತಿತು. ಅವರು ಗಟ್ಟಿಯಾಗಿಯೇ ನಕ್ಕುಬಿಟ್ಟರು. ಸಾವಂತ್ರವ್ವ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಕಾದಳು.

"ಉತ್ತರ ಕೊಡ್ರಿ ಸಾಹೇಬ್ರ," ಎಂದ ಯಂಕಪ್ಪ. "ಕೇಳ್ಯಾಳಲ್ಲ, ಬಸ್ಸು ಎಷ್ಟಕ್ಕೈತಿ?"

ಸಾಹೇಬರು ಬೀರೇಶನತ್ತ ನೋಡಿದರು. ಬೀರೇಶ ಲಲಿತಾಳತ್ತ. "ಮಧ್ಯಾಹ್ನದ್ದು ಹೋತ್ರಿ. ಇನ್ನ ಸಂಜೀಕ," ಎಂದಳವಳು. "ಆದ್ರ ಬಸ್ಸಿನ್ಯಾಗ ಕುರಿ ಹತ್ತಸ್ಕೊಳ್ಳಂಗಿಲ್ರಿ."

ಆಮೇಲೆ ಸಾಹೇಬರು ಎದ್ದು ದವಾಖಾನೆಯೊಳಗೆ ಹೋದರು. ಗುರಪ್ಪ, ಸಾವಂತ್ರವ್ವ, ಲಲಿತಾ ಹಿಂದೆ ಬಂದರು. ಗಬ್ಬದ ಕುರಿಯೂ, ಯಾರೂ ಕರೆಯದಿದ್ದರೂ, ಒಳಗೆ ಬಂತು. ಮೇಜಿನ ಮೇಲೆ ಕಡತ ಬಿಚ್ಚಿ ಸಾಹೇಬರು 'ಸಮ್ಮತಿ' ಎಂಬ ಸಾಲಿನ ಮೇಲೆ ನೇರವಾದ ಒಂದು ಗೆರೆ ಎಳೆದರು.

"ಅಜ್ಜಿ, ಈ ಆದೇಶ ರದ್ದು ಮಾಡುವ ಅಧಿಕಾರ ನನಗಿಲ್ಲ. ಸುಳ್ಳು ಹೇಳೋದಿಲ್ಲ. ಆದರೆ ಬರೆಯುವ ಅಧಿಕಾರ ಇದೆ." ಅವರು ಬರೆಯುತ್ತಲೇ ಓದಿದರು. "'ಗ್ರಾಮಸ್ಥರು ತೀವ್ರ ಆಕ್ಷೇಪಣೆ ಸಲ್ಲಿಸಿದ್ದಾರೆ. ಅವರ ಪ್ರಶ್ನೆಗಳಿಗೆ ಇಲಾಖೆಯ ಬಳಿ ಸದ್ಯ ಉತ್ತರವಿಲ್ಲ. ಉತ್ತರ ಸಿಗುವವರೆಗೆ ಈ ದವಾಖಾನೆಯನ್ನು ಮುಚ್ಚಬಾರದೆಂದು ಶಿಫಾರಸು ಮಾಡಿದೆ.' ಪ್ರಶ್ನೆಗಳನ್ನು ಲಗತ್ತಿಸಬೇಕು. ಇನ್ನೊಮ್ಮೆ ಹೇಳಿ. ನಾಲ್ಕು ಕಾಲಿಗೆ...?"

ಸಾವಂತ್ರವ್ವ ಹೇಳಿದಳು. ಸಾಹೇಬರು ಸಾಲು ಸಾಲಾಗಿ ಬರೆದುಕೊಂಡರು. 'ಬ್ಯಾನಿ' ಎಂದರೇನೆಂದು ಕೇಳಿ, ಹೆರಿಗೆ ನೋವೆಂದು ತಿಳಿದು, ಅದನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ನೇರಳೆ ಮುದ್ರೆಯನ್ನು ಒತ್ತಿದಾಗ ಪಕ್ಕದಲ್ಲಿ ಹಳದಿಯ ಹೆಬ್ಬೆರಳ ಗುರುತೊಂದು ತಾನಾಗಿ ಬಿತ್ತು.

"ಅಲ್ಲಿಗೆ ನಾನು ಏಳಬಹುದಲ್ಲ?"

"ಏಳ್ರಿ," ಎಂದಳು ಸಾವಂತ್ರವ್ವ. "ಆದ್ರ ಈಗ ಸವಾಲು ನಮ್ದು, ಜವಾಬು ನಿಮ್ದು. ಉತ್ತರ ಸಿಕ್ರ ನೀವ ಬಂದು ಹಾಡಬೇಕು. ಕಾಗದ ಕಳಸೂದಲ್ಲ."

"ನನಗೆ ಹಾಡೋಕೆ ಬರೋದಿಲ್ವಲ್ಲಮ್ಮಾ."

"ಅಂದ್ರ ದವಾಖಾನಿ ಇರ್ತೈತಿ ಬಿಡ್ರಿ."

ಗುರಪ್ಪ ಗೋಡೆಗೊರಗಿ ಹೆಂಡತಿಯನ್ನೇ ನೋಡುತ್ತಿದ್ದ. ಎಷ್ಟೋ ಮಳೆಗಾಲ ಒಂದೇ ಕಂಬಳಿಯ ಕೆಳಗೆ ಕಳೆದ ಮೇಲೂ ಒಬ್ಬರ ಕೊರಳು ಇನ್ನೊಬ್ಬರಿಗೆ ಎಷ್ಟು ಅಪರಿಚಿತ! ನಾಳೆ ಗುಡ್ಡಕ್ಕೆ ಕುರಿ ಹೊಡೆದುಕೊಂಡು ಹೋಗುವಾಗ ಇವಳನ್ನೂ ಕರೆಯಬೇಕು ಎಂದುಕೊಂಡ. ಬರುವವಳಲ್ಲ, ಆದರೂ ಕರೆಯಬೇಕು.

"ನಲವತ್ತೈದು ವರ್ಷ ಯಾಕ ಬಾಯಿ ಬಿಡಲಿಲ್ಲ?" ಎಂದು ಮೆಲ್ಲಗೆ ಕೇಳಿದ.

"ನೀವು ಹಾಡೂದು ನಿಲ್ಲಿಸಿದ್ರ ಅಲ್ಲೇನ್ರಿ, ನಾ ಬಾಯಿ ಬಿಡೂದು?"

ಲಲಿತಾ ಗಬ್ಬದ ಕುರಿಯ ಪಕ್ಕದಲ್ಲಿ ಮಂಡಿಯೂರಿ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಗಾಜಿನ ಕಣ್ಣಿಲ್ಲದ ಆ ಕೈ ಒಂದು ಜಾಗದಲ್ಲಿ ನಿಂತಿತು. "ಎರಡು ಅದಾವ ಯಜ್ಜಾ," ಎಂದಳು.

ಹೊರಗೆ ಬೀರೇಶ ಜೀಪು ಚಾಲೂ ಮಾಡಿದ. ಸಾಹೇಬರು ಕಡತ ಎತ್ತಿಕೊಂಡು, ಕುರಿಯ ಪಕ್ಕದಿಂದ ಸರಿದು, ಎಲ್ಲರಿಗೂ ಕೈ ಮುಗಿದು ಹೊರಟರು. ಹೊಸ್ತಿಲು ದಾಟಿ ಬಾಗಿಲನ್ನೆಳೆದರು. ಅದು ನಾಲ್ಕು ಬೆರಳಷ್ಟು ತೆರೆದೇ ನಿಂತಿತು. ಮತ್ತೆ ಎಳೆದರು, ಮತ್ತೆ ತೆರೆದುಕೊಂಡಿತು.

"ಸ್ವಲ್ಪ ಎತ್ತಿ ಎಳೀರಿ ಸಾಹೇಬ್ರ," ಎಂದು ಒಳಗಿನಿಂದ ಗುರಪ್ಪ ಕೂಗಿದ.

ಹಿಡಿಕೆ ತುಸು ಮೇಲೆದ್ದಿತು. ಹಸಿರು ಬಾಗಿಲು, ಹಳೆಯ ಹಾಳೆಯನ್ನು ಎದೆಗೊತ್ತಿಕೊಂಡು, ಅವರ ಹಿಂದೆ ಮೆತ್ತಗೆ ಮುಚ್ಚಿಕೊಂಡಿತು.